ಹದಿನಾಲ್ಕು ವೋಲ್ಟ್ ಎಂಬ ನಂಬಿಕೆ

ಕಾರಿನ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಆಗುತ್ತಿದೆಯೇ ಇಲ್ಲವೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಮದುವೆಮನೆಗಳಲ್ಲಿ ಯಾರಾದರೂ ವಿಚಾರಿಸಿದಾಗ ಹೀಗೆಂದರೆ, "ಅದು ಸರಿ, ಅದರ ಜೊತಿಗೆ ಮತ್ತೇನ ಮಾಡ್ತಿದ್ರಿ?" ಎಂದು ಕೇಳುತ್ತಿದ್ದರು. ಮತ್ತೇನೂ ಇಲ್ಲ. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ, ಬ್ಯಾಂಕಿನವರನ್ನು ಮದುವೆಯಾಗಿ, ಅವರ ವರ್ಗದ ಬೆನ್ನು ಹತ್ತಿ ವಡೋದರಾಕ್ಕೆ ಬಂದೆ. ಮಕರಪುರದಲ್ಲಿ ಆಲ್ಟರ್ನೇಟರ್ ತಯಾರಿಸುವ ಒಂದು ಕಾರ್ಖಾನೆಯ ಸರ್ವಿಸ್ ವಿಭಾಗಕ್ಕೆ ಸೇರಿದೆ. ಅಲ್ಲಿಂದ ಸೂರತ್, ಸೂರತ್ತಿನಿಂದ ಅಹಮದಾಬಾದ್. ಶಾಲು ಹೊದಿಸಿ ಮನೆಗೆ ಕಳಿಸುವವರೆಗೂ ಅದೊಂದೇ ಕೆಲಸ.

ಈಚೆಗೆ ವಡೋದರಾದಲ್ಲಿ ನಡೆದ ನಮ್ಮ ಕನ್ನಡದವರ ಊಟದ ಕೂಟವೊಂದರಲ್ಲಿ ಇಬ್ಬರು ಹುಡುಗಿಯರು ಸಿಕ್ಕರು. ಒಬ್ಬಳು ತುಮಕೂರಿನವಳು, ಇನ್ನೊಬ್ಬಳು ಬಳ್ಳಾರಿಯವಳು. ಇಬ್ಬರೂ ಇಂಥದ್ದೇ ಸರ್ವಿಸ್ ಕೆಲಸಕ್ಕೆ ಹೊಸದಾಗಿ ಸೇರಿ, ಮಕರಪುರದ ಹತ್ತಿರ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದರು. ತುಮಕೂರಿನವಳು ಕೇಳಿದಳು: "ಆಂಟಿ, ಆಲ್ಟರ್ನೇಟರ್ ಚೆನ್ನಾಗಿದ್ಯೋ ಇಲ್ವೋ ಅಂತ ಒಂದೇ ಮಾತಲ್ಲಿ ಹೇಗೆ ಕಂಡುಹಿಡಿಯೋದು?"

"ಇಂಜಿನ್ ನಡೆಯುವಾಗ ಹದಿನಾಲ್ಕು ವೋಲ್ಟ್ ಬಂದರೆ ಸರಿ," ಎಂದೆ. ಒಂದು ತುತ್ತು ಹೋಳಿಗೆ ಮುರಿದು, "ಆದರೆ," ಎಂದೆ. ಆ 'ಆದರೆ'ಗೆ ಇನ್ನೊಂದು 'ಆದರೆ' ಸೇರಿಕೊಂಡಿತು. ನಾನು ಹೇಳಿದ್ದನ್ನು ನಾನೇ ತಿದ್ದುತ್ತ, ತಿದ್ದಿದ್ದನ್ನು ಮತ್ತೆ ಅಳಿಸುತ್ತ ಹೋದೆ. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕೊನೆಗೆ ಬಳ್ಳಾರಿಯವಳು, "ನೀವು ಬರ್ದು ಕೊಡ್ರಿ ಆಂಟಿ, ಸಾವಕಾಶ," ಎಂದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ನಿಮಗೆ ಉಪಯೋಗವಿಲ್ಲ.

ಮೊದಲು ಪಾಠದಷ್ಟು ಪಾಠ. ಕಾರನ್ನು ಶುರು ಮಾಡುವ ಶಕ್ತಿ ಬ್ಯಾಟರಿಯದು. ಶುರುವಾದ ಮೇಲೆ ಇಂಜಿನ್ ಒಂದು ಬೆಲ್ಟಿನ ಮೂಲಕ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಅದು ವಿದ್ಯುತ್ ಹುಟ್ಟಿಸಿ ದೀಪ, ಫ್ಯಾನು, ಹಾರ್ನುಗಳನ್ನೆಲ್ಲ ನಡೆಸುತ್ತದೆ, ಜೊತೆಗೆ ಬ್ಯಾಟರಿಯಿಂದ ಖರ್ಚಾದದ್ದನ್ನು ಮತ್ತೆ ತುಂಬುತ್ತದೆ. ನಿಂತ ಕಾರಿನಲ್ಲಿ, ಒಳ್ಳೆಯ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟಿನ ಆಸುಪಾಸು ತೋರಿಸುತ್ತದೆ. ಇಂಜಿನ್ ನಡೆಯುವಾಗ ಅಲ್ಲೇ ಹದಿನಾಲ್ಕರ ಆಸುಪಾಸು ಬರಬೇಕು. ಬಂದರೆ ಚಾರ್ಜ್ ಆಗುತ್ತಿದೆ. ಏರದೆ ಹನ್ನೆರಡರಲ್ಲೇ ಇದ್ದರೆ ಆಗುತ್ತಿಲ್ಲ. ಹದಿನೈದನ್ನು ದಾಟಿ ಏರುತ್ತ ಹೋದರೆ ಅತಿಯಾಗಿ ಆಗುತ್ತಿದೆ, ಬ್ಯಾಟರಿ ಕುದ್ದು ಹಾಳಾಗುತ್ತದೆ.

ನನ್ನ ಮೊದಲ ಮೇಲಧಿಕಾರಿ ಪರೀಖ್ ಸಾಹೇಬರು ಇಷ್ಟನ್ನೂ ಕಪ್ಪಿನಲ್ಲಿದ್ದ ಚಹಾ ಆರುವುದರೊಳಗೆ ಹೇಳಿ ಮುಗಿಸಿದ್ದರು. ದಪ್ಪ ಕನ್ನಡಕದ, ಮಿತಭಾಷಿ ಮನುಷ್ಯ. ಇಡೀ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು, ಎಲ್ಲರಿಗೂ 'ಬೆನ್', ಅಂದರೆ ಅಕ್ಕ. "ಗಿರಿಜಾಬೆನ್, ಗ್ರೀಸ್ ಹತ್ತಿದರೆ ಸೀರೆ ಹಾಳಾಗುತ್ತದೆ, ಏಪ್ರನ್ ಕಟ್ಟಿಕೊಳ್ಳಿ," ಎಂದದ್ದು ಬಿಟ್ಟರೆ ನಾನು ಹೆಂಗಸೆಂಬ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ. ಇಷ್ಟೇ ಸುಲಭದ ಕೆಲಸವಾದರೆ ಇದಕ್ಕೊಂದು ವಿಭಾಗ ಏಕೆ ಬೇಕು ಎಂದು ಮೊದಲ ಕೆಲವು ವಾರ ನನಗೆ ಅನಿಸುತ್ತಿತ್ತು.

ಆಗ ಗಿಡಗಳ ನರ್ಸರಿ ನಡೆಸುವವರೊಬ್ಬರು ತಮ್ಮ ಜೀಪು ತಂದರು. ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ ಎಂಬುದು ಅವರ ದೂರು. ಜೀಪಿನಲ್ಲಿ ಚಾರ್ಜಿಂಗ್ ತಪ್ಪಿದರೆ ಹತ್ತುವ ಕೆಂಪು ದೀಪವಿತ್ತು. ಅದು ಹತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿ ಮೀಟರ್ ನೋಡಿದೆ, ಹದಿನಾಲ್ಕು. ಆಲ್ಟರ್ನೇಟರ್ ಸರಿಯಿದೆ, ಬ್ಯಾಟರಿ ಬದಲಾಯಿಸಿ ಎಂದೆ. ಬದಲಾಯಿಸಿದರು. ಕೆಲವೇ ದಿನಗಳಲ್ಲಿ ಆ ಜೀಪು ಹಗ್ಗದ ತುದಿಯಲ್ಲಿ ಮತ್ತೆ ನಮ್ಮ ಗೇಟಿಗೆ ಬಂತು.

ಪರೀಖ್ ಸಾಹೇಬರು ಬೈಯಲಿಲ್ಲ. "ಕೀಲಿ ತಿರುಗಿಸಿದಾಗ, ಇಂಜಿನ್ ಶುರುವಾಗುವ ಮೊದಲು, ಆ ದೀಪ ಹತ್ತಿತ್ತೇ?" ಎಂದಷ್ಟೇ ಕೇಳಿದರು. ನಾನು ನೋಡಿರಲಿಲ್ಲ. ನೋಡಿದರೆ ಹತ್ತಲೇ ಇಲ್ಲ, ಬಲ್ಬೇ ಸುಟ್ಟಿತ್ತು. ಆ ಕಾಲದ ಜೋಡಣೆಯಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ತುಸು ವಿದ್ಯುತ್ತು ಆ ಬಲ್ಬಿನ ಮೂಲಕವೇ ಹೋಗುತ್ತಿತ್ತು. ಬಲ್ಬ್ ಸುಟ್ಟರೆ ಇಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಏಳುವುದಿಲ್ಲ. ಜೋರಾಗಿ ತಿರುಗಿಸಿದರೆ ಎದ್ದುಬಿಡುತ್ತದೆ. ನರ್ಸರಿಯವರು ಗಿಡಗಳ ನಡುವೆ ಆಮೆಯ ಹಾಗೆ ಓಡಿಸುವವರು. ನಾನು ಆಕ್ಸಿಲರೇಟರ್ ಒತ್ತಿ ನೋಡಿದವಳು. ನಾನು ನೋಡಿದಾಗ ಚಾರ್ಜ್ ಆಗುತ್ತಿತ್ತು, ಅವರು ಓಡಿಸುವಾಗ ಆಗುತ್ತಿರಲಿಲ್ಲ. ಇಬ್ಬರದೂ ನಿಜ. ದೋಷವನ್ನು ತೋರಿಸಬೇಕಾದ ದೀಪವೇ ದೋಷವಾಗಿತ್ತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. "ಹತ್ತಬೇಕಾದಾಗ ಹತ್ತಬೇಕು, ಆರಬೇಕಾದಾಗ ಆರಬೇಕು. ಎರಡನ್ನೂ ನೋಡಿ," ಎಂದರು ಸಾಹೇಬರು.

ಅಂಥವರೂ ಒಮ್ಮೆ ಎಡವಿದರು. ಅದನ್ನೂ ಹೇಳಬೇಕು, ಏಕೆಂದರೆ ಅವರು ಮಾಡಿದ್ದನ್ನು ಇವತ್ತಿಗೂ ಎಷ್ಟೋ ಗ್ಯಾರೇಜುಗಳಲ್ಲಿ ಮಾಡುತ್ತಾರೆ.

ನಮ್ಮ ಯಜಮಾನರಿಗೆ ಸೂರತ್ತಿಗೆ ವರ್ಗವಾದಾಗ ನಾನೂ ಕಂಪನಿಯ ಅಲ್ಲಿನ ಶಾಖೆಗೆ ಹೋದೆ. ಪರೀಖ್ ಸಾಹೇಬರು ಆಗಾಗ ಬಂದುಹೋಗುತ್ತಿದ್ದರು. ಅವರಿಗೆ ಪ್ರಿಯವಾದ ಒಂದು ಪರೀಕ್ಷೆಯಿತ್ತು: ಇಂಜಿನ್ ನಡೆಯುತ್ತಿರುವಾಗಲೇ ಬ್ಯಾಟರಿಯ ಒಂದು ತಂತಿಯನ್ನು ಕಳಚುವುದು. ಇಂಜಿನ್ ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ, ನಡೆಯುತ್ತಿದ್ದರೆ ಚೆನ್ನಾಗಿದೆ. ಮೀಟರಿನ ಹಂಗಿಲ್ಲ. ಹಳೆಯ ಗಾಡಿಗಳಲ್ಲಿ ಇದು ನಡೆದುಹೋಗುತ್ತಿತ್ತು.

ಒಂದು ದಿನ ವಜ್ರದ ಕಾರ್ಖಾನೆಯವರೊಬ್ಬರ ಹೊಸ ಕಾರು ಗ್ಯಾರೇಜಿನಲ್ಲಿತ್ತು. ಸುತ್ತ ಮೆಕ್ಯಾನಿಕ್‌ಗಳು ನೆರೆದಿದ್ದರು. ಸಾಹೇಬರು ತಂತಿ ಕಳಚಿದರು. ಇಂಜಿನ್ ನಡೆಯುತ್ತಲೇ ಇತ್ತು. "ನೋಡಿದಿರಾ," ಎಂದು ಅವರು ನಮ್ಮತ್ತ ತಿರುಗಿದ್ದೇ ತಡ, ಹೆಡ್‌ಲೈಟು ಒಮ್ಮೆ ಬೆಳ್ಳಗೆ ಉರಿದು ಆರಿತು. ಡ್ಯಾಶ್‌ಬೋರ್ಡು ಕಪ್ಪಾಯಿತು, ಇಂಜಿನ್ ನಿಂತಿತು. ಆಲ್ಟರ್ನೇಟರಿನಿಂದ ಒಮ್ಮೆಲೇ ನುಗ್ಗುವ ವಿದ್ಯುತ್ತನ್ನು ತಡೆದುಕೊಳ್ಳುವುದು ಬ್ಯಾಟರಿ. ಅದನ್ನು ಕಳಚಿದ್ದರಿಂದ ಆ ಏಟು ನೇರ ಕಾರಿನ ಕಂಪ್ಯೂಟರಿಗೆ ಬಿದ್ದಿತ್ತು.

ಸಾಹೇಬರು ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತ ನಿಂತರು. ಕೈಗೆ ಏನೂ ಅಂಟಿರಲಿಲ್ಲ. ಕಾರಿನ ಮಾಲೀಕರು ಸಿಟ್ಟಾಗದೆ ಕೇಳಿದರು: "ಸಾಹೇಬ್, ಹಾಗಾದರೆ ಆಲ್ಟರ್ನೇಟರ್ ಚೆನ್ನಾಗಿದೆಯೋ ಇಲ್ಲವೋ?"

"ಚೆನ್ನಾಗಿದೆ," ಎಂದರು ಸಾಹೇಬರು, ಬಹಳ ಮೆತ್ತಗೆ.

ಮರುದಿನ ಅವರು ನಮ್ಮೆಲ್ಲರನ್ನೂ ಕೂರಿಸಿ, "ನಾನು ಕಲಿಸಿದ ಆ ಪರೀಕ್ಷೆಯನ್ನು ಇನ್ನು ಯಾರೂ ಮಾಡಬೇಡಿ. ಮಾಡುವವರನ್ನು ಕಂಡರೆ ಕೈ ಹಿಡಿಯಿರಿ," ಎಂದರು. ಎಷ್ಟೋ ವರ್ಷ ನಡೆದುಬಂದದ್ದು ಒಂದೇ ದಿನದಲ್ಲಿ ತಪ್ಪಾಯಿತೇ, ಅಥವಾ ಅದು ಎಂದೂ ಸರಿಯಿರಲಿಲ್ಲವೇ ಎಂದು ನನಗೆ ತಿಳಿಯಲಿಲ್ಲ. ಸಾಹೇಬರನ್ನು ಕೇಳುವ ಧೈರ್ಯವಾಗಲಿಲ್ಲ. ಅವರಿಗೂ ತಿಳಿದಿರಲಿಲ್ಲವೆಂದು ಈಗ ಅನಿಸುತ್ತದೆ.

ಅಹಮದಾಬಾದಿಗೆ ಬಂದು ಕೆಲವು ವರ್ಷಗಳಾಗುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಆ ಒಂದು ಸಂಖ್ಯೆಯೂ ಜಾರಿತು. ಹೊಸ ಕಾರುಗಳಲ್ಲಿ ಆಲ್ಟರ್ನೇಟರ್ ಎಷ್ಟು ದುಡಿಯಬೇಕೆಂದು ಕಂಪ್ಯೂಟರ್ ತೀರ್ಮಾನಿಸತೊಡಗಿತ್ತು. ಇಂಧನ ಉಳಿಸುವ ಉಪಾಯ. ಬ್ಯಾಟರಿ ತುಂಬಿದೆ ಎನಿಸಿದರೆ ಅದು ಆಲ್ಟರ್ನೇಟರಿಗೆ ಬಿಡುವು ಕೊಡುತ್ತದೆ. ಮೀಟರ್ ಹನ್ನೆರಡೂವರೆಗೆ ಇಳಿಯುತ್ತದೆ. ಬ್ರೇಕ್ ಒತ್ತಿದಾಗ, ಹೇಗೂ ವ್ಯರ್ಥವಾಗುವ ವೇಗವೆಂದು, ಹದಿನೈದರ ಹತ್ತಿರಕ್ಕೆ ಏರಿಸುತ್ತದೆ. ಒಂದೇ ಕಾರು, ಒಂದೇ ರಸ್ತೆ, ಗಳಿಗೆಗೊಂದು ಸಂಖ್ಯೆ. ಹಳೆಯ ಲೆಕ್ಕದಲ್ಲಿ ಒಮ್ಮೆ ಕೆಟ್ಟದ್ದು, ಒಮ್ಮೆ ಅತಿಯಾದದ್ದು. ಹೊಸ ಲೆಕ್ಕದಲ್ಲಿ ಎರಡೂ ಆರೋಗ್ಯ. ಮೊದಲ ಸಲ ಇದನ್ನು ಕಂಡಾಗ ನನ್ನ ಮೀಟರೇ ಕೆಟ್ಟಿತೆಂದುಕೊಂಡು ಅದರ ಸೆಲ್ ಬದಲಾಯಿಸಿದ್ದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಕೆಡವಿದ ಪ್ರಕರಣ ಬಂದದ್ದು ಆಗ.

ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಬಿರಾದಾರ ಎಂಬ ಇಂಜಿನಿಯರ್ ಇದ್ದರು, ವಿಜಯಪುರದ ಕಡೆಯವರು. ಅವರ ಕಾರಿನ ಬ್ಯಾಟರಿ ಮೇಲಿಂದ ಮೇಲೆ ಸಾಯುತ್ತಿತ್ತು. ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿದ್ದರು. ನಮ್ಮ ಕಂಪನಿಯ ಆಲ್ಟರ್ನೇಟರನ್ನೇ ಎರಡು ಬಾರಿ ಬದಲಾಯಿಸಿದ್ದರು. ಹೀಗಿರುವಾಗ ಡ್ರೈವರ್ ಒಬ್ಬನೇ ಅವರ ತಾಯಿಯನ್ನು ಕಣ್ಣಿನ ತಪಾಸಣೆಗೆಂದು ವಡೋದರಾಕ್ಕೆ ಕರೆದೊಯ್ಯುವಾಗ, ಬೇಸಿಗೆಯ ಮಟಮಟ ಮಧ್ಯಾಹ್ನ, ನಡಿಯಾದ್ ಹತ್ತಿರ ಕಾರು ಕೆಟ್ಟು ನಿಂತಿತು. ಚಹಾ ಕುಡಿಯಲೆಂದು ನಿಲ್ಲಿಸಿದವರು ಮತ್ತೆ ಶುರು ಮಾಡಲು ನೋಡಿದರೆ ಟಕ್ ಟಕ್ ಎಂಬ ಸದ್ದು, ಅಷ್ಟೇ. ಮುದುಕಿ ಸಕ್ಕರೆ ಕಾಯಿಲೆಯವರು. ಬಿಸಿಲಿಗೆ ತಲೆ ತಿರುಗಿ ಬಿದ್ದರು. ಡ್ರೈವರ್ ರಣಛೋಡಭಾಯ್ ಮುದುಕಿಯನ್ನು ಎತ್ತಿಕೊಂಡು, ಹಾದುಹೋಗುವ ಟೆಂಪೊ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ. ಜೀವಕ್ಕೆ ತೊಂದರೆಯಾಗಲಿಲ್ಲ. ಆದರೆ ಬಿರಾದಾರರು ಹೆದರಿದ್ದರು, ಆ ಹೆದರಿಕೆ ಕೆಲವೇ ದಿನಗಳಲ್ಲಿ ಸಿಟ್ಟಾಗಿ ಡ್ರೈವರನ ಮೇಲೆ ತಿರುಗಿತ್ತು.

ನಮ್ಮ ಹೊಸ ಮ್ಯಾನೇಜರ್ ನನ್ನನ್ನು ಕರೆದು, "ಹೋಗಿ ರೀಡಿಂಗ್ ನೋಡಿ, ದೂರು ಮುಗಿಸಿ ಬನ್ನಿ," ಎಂದರು.

ನಾನು ಹೋದಾಗ ಬಿರಾದಾರರು ಬಾಗಿಲಲ್ಲೇ ನಿಂತಿದ್ದರು. ನಾನು ಗದಗಿನವಳೆಂದು ತಿಳಿದ ಕೂಡಲೇ ಅವರ ಮಾತು ನೇರವಾಯಿತು. "ಮೇಡಂ, ನೀವು ನಮ್ಮ ಕಡಿಯವ್ರು. ಖರೇ ಹೇಳ್ರಿ. ಮಷಿನ್ ಕೆಟ್ಟದೋ, ಮನಷ್ಯಾ ಕೆಟ್ಟಾನೋ?"

"ಇನ್ನೂ ನೋಡಿಲ್ಲ ಬಿಡ್ರಿ," ಎಂದೆ.

"ನೋಡೂದೇನದ? ಎರಡ ಸಲ ಹೊಸಾದು ಹಾಕ್ಸೀನಿ. ಬ್ಯಾಟರಿನೂ ಹೊಸಾದು. ಇನ್ನ ಉಳದಾಂವ ಡ್ರೈವರ್ ಒಬ್ಬನ. ನಾ ಆಫೀಸಿನ್ಯಾಗ ಇದ್ದಾಗ ಇಂವಾ ಗಾಡಿ ಬಂದ್ ಮಾಡಿ, ಒಳಗ ಕೂತು ಹಾಡು ಕೇಳ್ತಾನ."

ಬೇವಿನ ಮರದ ಕೆಳಗೆ, ಕಾರಿನ ಪಕ್ಕ, ರಣಛೋಡಭಾಯ್ ನಿಂತಿದ್ದ. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕನ್ನಡ ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಮಾತು ತನ್ನ ಬಗ್ಗೆಯೇ ಎಂಬುದು ತಿಳಿದಿತ್ತು.

ನಾನು ಬಾನೆಟ್ ತೆಗೆದು ಕೆಲಸ ಶುರು ಮಾಡಿದೆ. ನಿಂತಾಗ ಹನ್ನೆರಡು ಚಿಲ್ಲರೆ, ಬ್ಯಾಟರಿ ಅರೆಹೊಟ್ಟೆಯಲ್ಲಿದೆ. ಇಂಜಿನ್ ಶುರು ಮಾಡಿಸಿದೆ, ಹದಿನಾಲ್ಕು ದಾಟಿತು. ಹೆಡ್‌ಲೈಟು, ಏಸಿ ಎಲ್ಲ ಹಾಕಿದರೂ ಬೀಳಲಿಲ್ಲ. ಬೆಲ್ಟ್ ಬಿಗಿಯಾಗಿತ್ತು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ದಾರಿಯಲ್ಲಿ ಸೋರಿಕೆಯಿರಲಿಲ್ಲ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡುಗಳೂ ಸರಿಯಿದ್ದವು. ನಾನು ಕಲಿತ ಅಷ್ಟೂ ಪರೀಕ್ಷೆಗಳಲ್ಲಿ ಅದು ಪಾಸಾಯಿತು.

"ಬೆನ್, ರಸ್ತೆಯಲ್ಲಿ ಹೀಗಿರುವುದಿಲ್ಲ," ಎಂದ ರಣಛೋಡಭಾಯ್. ಮಾರುಕಟ್ಟೆಯಿಂದ ಒಂದು ಪುಟ್ಟ ವೋಲ್ಟ್ ಮೀಟರ್ ತಂದು ಚಾರ್ಜರ್ ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿದ್ದ. "ಸ್ವಲ್ಪ ದೂರ ಹೋಗುವಷ್ಟರಲ್ಲಿ ಹನ್ನೆರಡೂವರೆಗೆ ಇಳಿಯುತ್ತದೆ. ಈ ಆಲ್ಟರ್ನೇಟರೂ ಕೆಟ್ಟದ್ದೇ."

ಅದು ಕೆಟ್ಟಿಲ್ಲ, ಈಗಿನ ಕಾರುಗಳ ರೀತಿಯೇ ಹಾಗೆ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ಹಾಗಾದರೆ ಎಲ್ಲ ಬರಾಬರ್ ಇದೆ ಅಂತೀರಾ?" ಎಂದ.

ಎಲ್ಲ ಸರಿಯಿದೆ ಎಂದು ನಾನು ಹೇಳಿದರೆ ಅವನ ಕೆಲಸ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಆಗ. ಅಷ್ಟು ವರ್ಷಗಳಲ್ಲಿ 'ಸರಿಯಿದೆ' ಎಂಬ ಮಾತಿನಿಂದ ಯಾರಿಗಾದರೂ ಕೇಡಾಗಬಹುದೆಂದು ನಾನು ಯೋಚಿಸಿರಲಿಲ್ಲ.

"ಗಾಡಿ ನಿಲ್ಲಿಸಿ ಹಾಡು ಕೇಳುತ್ತೀರಂತೆ, ಹೌದೇ?" ಎಂದು ಕೇಳಿದೆ.

"ಹೌದು ಬೆನ್. ಡಾಯರೊ ಹಾಕಿಕೊಳ್ಳುತ್ತೇನೆ." ಡಾಯರೊ ಎಂದರೆ ಇಲ್ಲಿಯವರು ಮೈಮರೆತು ಕೇಳುವ, ಕತೆಯೂ ಪದವೂ ಬೆರೆತ ಕಾರ್ಯಕ್ರಮ. "ಸಾಹೇಬರು ಕೇಳಿದಾಗಲೂ ಹೇಳಿದೆ. ಸುಳ್ಳು ಏಕೆ ಹೇಳಲಿ?"

ಆಲ್ಟರ್ನೇಟರ್ ಸರಿಯಿದೆ. ಡ್ರೈವರ್ ಒಪ್ಪಿಕೊಂಡಿದ್ದಾನೆ. ಎರಡನ್ನೂ ಕೂಡಿಸಿದರೆ ಉತ್ತರ ಬರಬೇಕಿತ್ತು. ಬರಲಿಲ್ಲ. ಸರಿಯಾಗಿ ತುಂಬುತ್ತಿರುವ ಬ್ಯಾಟರಿ ಸ್ವಲ್ಪ ಹೊತ್ತಿನ ಡಾಯರೊಗೆ ಸಾಯುವುದಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದೆ. "ರೀಡಿಂಗ್ ಸರಿ ಇದೆ, ಮನುಷ್ಯ ಒಪ್ಪಿದ್ದಾನೆ, ಇನ್ನೇನು? ಗಿರಿಜಾಬೆನ್, ಸುಲಭದ್ದನ್ನು ಸಿಕ್ಕು ಮಾಡುವುದು ನಿಮ್ಮ ಅಭ್ಯಾಸ," ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬಿರಾದಾರರಿಗೆ, "ನಾಳೆ ಮತ್ತೊಮ್ಮೆ ಬರ್ತೀನ್ರಿ. ಇನ್ನೂ ಬಗಿಹರಿದಿಲ್ಲ," ಎಂದೆ.

"ಬರ್ರಿ. ಆದ್ರ ತಿಂಗಳಾ ಮುಗದ ಮ್ಯಾಲೆ ಅವನ್ನ ಬಿಡ್ಸಾಂವ. ನನ್ನ ಅವ್ವನ ಜೀವದ ಪ್ರಶ್ನೆ ಅದ," ಎಂದರು. ಅವರು ಕೆಟ್ಟವರಲ್ಲ.

ಸಂಜೆ ನಮ್ಮ ಮನೆ ಹತ್ತಿರದ ವಸ್ತ್ರಾಪುರ ಕೆರೆಯ ಸುತ್ತ ನಡೆಯುವಾಗ ನಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಬ್ಯಾಂಕಿನ ಮನುಷ್ಯ, ಅವರಿಗೆ ಸಂಖ್ಯೆಯೆಂದರೆ ಸಂಖ್ಯೆ. "ಹನ್ನೆರಡೂವರೆ ಸರಿನೂ ಹೌದು, ತಪ್ಪೂ ಹೌದು ಅಂದ್ರ ಹೆಂಗ?" ಎಂದು ಕೇಳಿದರು.

"ಹೊಟ್ಟಿ ತುಂಬಿದ ಕೂಸು ಉಣ್ಣಲಿಲ್ಲ ಅಂದ್ರ ಸರಿ. ಹಸದದ್ದು ಉಣ್ಣಲಿಲ್ಲ ಅಂದ್ರ ತಪ್ಪು," ಎಂದೆ.

"ಅದಕ್ಕ ಹಸಿವಾಗೇದೋ ಇಲ್ಲೋ ನೋಡಿದ್ಯೇನು?"

ನೋಡಿರಲಿಲ್ಲ. ರಸ್ತೆಯಲ್ಲಿ ಹನ್ನೆರಡೂವರೆ ಎಂದು ರಣಛೋಡಭಾಯ್ ಹೇಳಿದಾಗ, ಹೊಸ ಕಾರುಗಳೇ ಹಾಗೆ ಎಂದು ತಿಳಿಸಿ ಹೇಳುವುದರಲ್ಲಿದ್ದೆ. ಅದು ಅರೆಹೊಟ್ಟೆಯ ಬ್ಯಾಟರಿ ಎಂದು ನಾನೇ ಅಳೆದದ್ದನ್ನು ಮರೆತಿದ್ದೆ.

ಮರುದಿನ ಆಫೀಸಿನಿಂದ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರನ್ನೂ ತೆಗೆದುಕೊಂಡು ಹೋದೆ. ಬಿರಾದಾರರಿಗೆ ರಜೆ ಇತ್ತು. ಇಂಜಿನ್ ಶುರು ಮಾಡದೆ, ಹೆಡ್‌ಲೈಟ್ ಹಾಕಿ ಬಿಟ್ಟು, ಬ್ಯಾಟರಿಯನ್ನು ಬೇಕೆಂದೇ ಇನ್ನಷ್ಟು ಇಳಿಸಿದೆವು. ಆಮೇಲೆ ರಣಛೋಡಭಾಯ್ ಚಾಲಕನ ಸೀಟಿನಲ್ಲಿ, ನಾನು ಅವನ ಪಕ್ಕ, ಬಿರಾದಾರರು ಹಿಂದೆ. ಗಾಂಧಿನಗರದ ರಸ್ತೆ ಹಿಡಿದೆವು. ನಾನು ಮೀಟರಿನ ಮೇಲೆ ಕಣ್ಣಿಟ್ಟು ಕೂತೆ.

ಮೊದಲು ಹದಿನಾಲ್ಕು ಇತ್ತು; ಇಂಜಿನ್ ಶುರುವಾದ ಹೊಸತರಲ್ಲಿ ಕಂಪ್ಯೂಟರ್ ಹೇಗೂ ಅಷ್ಟು ಕೊಡಿಸುತ್ತದೆ. ನೋಡನೋಡುತ್ತ ಇಳಿಯಿತು. ಹನ್ನೆರಡೂವರೆಯಲ್ಲಿ ನಿಂತಿತು. ಹಸಿದ ಬ್ಯಾಟರಿಗೆ ಕಾರು ಊಟ ಹಾಕುತ್ತಿಲ್ಲ. ಸ್ಕ್ಯಾನರ್ ನೋಡಿದೆ: ಬ್ಯಾಟರಿ ಬಹುಮಟ್ಟಿಗೆ ತುಂಬಿದೆ ಎಂದು ಅದರಲ್ಲಿತ್ತು. ನನ್ನ ಮೀಟರ್ ಖಾಲಿ ಎನ್ನುತ್ತದೆ, ಕಾರಿನ ಕಂಪ್ಯೂಟರ್ ತುಂಬಿದೆ ಎನ್ನುತ್ತದೆ. ಯಾವುದನ್ನು ನಂಬುವುದು? ಅಷ್ಟು ದೂರ ಬಂದು ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಆಲ್ಟರ್ನೇಟರ್ ಕೆಟ್ಟಿಲ್ಲ; ದುಡಿಯಬೇಡ ಎಂದು ಅದಕ್ಕೆ ಯಾರೋ ಹೇಳುತ್ತಿದ್ದಾರೆ. ಹೇಳುತ್ತಿರುವುದು ಕಂಪ್ಯೂಟರ್. ಅದಕ್ಕೆ ಸುಳ್ಳು ಹೇಳುತ್ತಿರುವವರು ಯಾರು?

ಮನೆಗೆ ಮರಳಿ ಮತ್ತೆ ಬಾನೆಟ್ ತೆಗೆದೆ. ಇಂಥ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಬ್ಯಾಟರಿಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಎಣಿಸಿ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಅದೇ ತುದಿಯಲ್ಲಿ, ಸೆನ್ಸರಿಗಿಂತ ಈಚೆಗೆ, ಬ್ಯಾಟರಿಗೇ ಅಂಟಿಸಿದಂತೆ ಒಂದು ಕರಿಯ ತಂತಿ ಕೂಡಿಸಿದ್ದರು. ಹಿಂದಿನ ದಿನವೂ ಅದನ್ನು ಕಂಡಿದ್ದೆ. ಚೊಕ್ಕಟವಾಗಿ ಬಿಗಿದಿದ್ದಾರೆ ಎಂದು ಮೆಚ್ಚಿಯೂ ಇದ್ದೆ. ಈಗ ಅದರ ಬೆನ್ನು ಹತ್ತಿದೆ. ಅದು ಕಾಲಡಿಯ ಮ್ಯಾಟಿನ ಕೆಳಗೆ ಹಾದು ಹಿಂದಿನ ಸೀಟಿನ ಪಕ್ಕದ ಒಂದು ಪೆಟ್ಟಿಗೆಗೆ ಹೋಗಿತ್ತು. ಔಷಧಿ ತಣ್ಣಗಿಡುವ ಚಿಕ್ಕ ಪೆಟ್ಟಿಗೆ.

"ಇದನ್ನ ಯಾರು ಹಾಕಿಸಿದ್ರಿ?" ಎಂದು ಕೇಳಿದೆ.

"ನಾನ. ಅವ್ವನ ಇನ್ಸುಲಿನ್ ಸಲುವಾಗಿ. ಗಾಡಿ ನಿಂತಾಗ ಅದನ್ನ ಬಂದ್ ಮಾಡ್ತೀವ್ರಿ. ಯಾಕ?"

ಕಾರು ಓಡುವಾಗ ಆ ಪೆಟ್ಟಿಗೆ ತಿನ್ನುವ ವಿದ್ಯುತ್ತೂ ಸೆನ್ಸರಿನ ಮೂಲಕ ಹಾಯುತ್ತಿತ್ತು. ಸೆನ್ಸರಿಗೆ ಕಾಣುವುದು ಎಷ್ಟು ಹಾದುಹೋಯಿತು ಎಂಬುದಷ್ಟೇ. ಪೆಟ್ಟಿಗೆ ತಿಂದದ್ದನ್ನೂ ಬ್ಯಾಟರಿಯೇ ತಿಂದಿತೆಂದು ಅದು ಎಣಿಸಿಕೊಳ್ಳುತ್ತಿತ್ತು. ತಟ್ಟೆ ಖಾಲಿಯಾಯಿತಲ್ಲ, ಮಗು ಉಂಡಿತು ಎಂದು ತಾಯಿ ತಿಳಿದ ಹಾಗೆ, ಉಂಡದ್ದು ಬೆಕ್ಕು. ಹೀಗೆ ದಿನವೂ ಹಸಿವು ಉಳಿದು, ಕೊನೆಗೊಂದು ದಿನ ಬ್ಯಾಟರಿ ಕೈಚೆಲ್ಲುತ್ತಿತ್ತು. ಡಾಯರೊ ಕೇಳಿದ್ದರಿಂದ ಸ್ವಲ್ಪ ಬೇಗ ಚೆಲ್ಲಿರಲೂಬಹುದು. ಇಲ್ಲವೆಂದು ನಾನು ಆಣೆ ಮಾಡಿ ಹೇಳಲಾರೆ.

ಆ ತಂತಿಯನ್ನು ಅಲ್ಲಿಂದ ಬಿಚ್ಚಿ, ಸೆನ್ಸರಿನಾಚೆಗೆ, ಕಾರಿನ ಕಬ್ಬಿಣದ ಮೈಗೆ ಕೂಡಿಸಿದೆ. ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ ಹಾಕಿ ತುಂಬಿಸಿದೆವು. ಸೆನ್ಸರ್ ಹೊಸದಾಗಿ ಎಣಿಕೆ ಶುರು ಮಾಡಲೆಂದು ಕಾರನ್ನು ಬೆಳಗಿನವರೆಗೆ ಮುಟ್ಟದೆ ಬಿಟ್ಟು, ಮರುದಿನ ಮತ್ತೆ ಬೇಕೆಂದೇ ಇಳಿಸಿ ಅದೇ ರಸ್ತೆಯಲ್ಲಿ ಹೋದೆವು. ಹದಿನಾಲ್ಕಕ್ಕೆ ಏರಿದ್ದು ಇಳಿಯಲೇ ಇಲ್ಲ. ಹೊಟ್ಟೆ ತುಂಬುತ್ತ ಬಂದ ಮೇಲಷ್ಟೇ ಮೆಲ್ಲಗೆ ತಗ್ಗಿತು.

ಬಿರಾದಾರರು ಮನೆಯ ಮೆಟ್ಟಿಲ ಮೇಲೆ ಕೂತರು. "ಅಂದ್ರ ನಾನ ಮಾಡಿದ್ದು."

"ನೀವಲ್ರಿ. ತಂತಿ ಕೂಡಿಸಿದಾಂವಗೂ ಇದು ಗೊತ್ತಿರಲಿಕ್ಕಿಲ್ಲ. ಹಳೀ ಗಾಡಿಯಾಗಿದ್ರ ಅಂವಾ ಮಾಡಿದ್ದು ಸರೀನ ಇತ್ತು."

"ಮತ್ತ ಯಾರು?"

ನಾನು ಮೀಟರನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಎದ್ದು ಬೇವಿನ ಮರದ ಕೆಳಗೆ ಹೋದರು. ಬಾರದ ಗುಜರಾತಿಯಲ್ಲಿ, "ಮಾಫ್ ಕರಜೋ, ರಣಛೋಡಭಾಯ್," ಎಂದರು. ಅವನು ಅವರ ಎರಡೂ ಕೈ ಹಿಡಿದುಕೊಂಡು, "ಅರೆ ಸಾಹೇಬ್, ಸಾಹೇಬ್," ಎಂದ. ಮುದುಕಿ ಒಳಗಿನಿಂದ ಎಲ್ಲರಿಗೂ ಚಹಾ ಕಳಿಸಿದರು. ಎಲ್ಲ ಸುಖವಾಗಿ ಮುಗಿಯಿತೆಂದು ಸ್ಕ್ಯಾನರ್ ಹೆಗಲಿಗೇರಿಸಿ ಮನೆಗೆ ಬಂದೆ.

ತಿಂಗಳು ಮುಗಿದ ಮೇಲೆ ರಣಛೋಡಭಾಯ್ ತಾನಾಗಿಯೇ ಕೆಲಸ ಬಿಟ್ಟ.

ಬಿರಾದಾರರೇ ಫೋನ್ ಮಾಡಿ ತಿಳಿಸಿದರು. ತಾವು ಬೇಡಿಕೊಂಡರೂ ಕೇಳಲಿಲ್ಲ, ನೀವೊಂದು ಮಾತು ಹೇಳ್ರಿ ಎಂದರು. ನಾನು ಅವನಿಗೆ ಫೋನ್ ಮಾಡಿದೆ. "ದೋಷ ಸಿಕ್ಕಿತಲ್ಲ ರಣಛೋಡಭಾಯ್, ನಿಮ್ಮದೇನೂ ಇಲ್ಲವೆಂದು ಅವರೇ ಒಪ್ಪಿದರಲ್ಲ?"

"ಸಾಹೇಬರು ಒಳ್ಳೆಯವರು ಬೆನ್. ತಾಯಿಯವರೂ ನನ್ನನ್ನು ಮಗನ ಹಾಗೆ ನೋಡುತ್ತಾರೆ. 'ಬೇಟಾ, ನೀನಿಲ್ಲದಿದ್ದರೆ ಅವತ್ತು ನಾನಿರುತ್ತಿರಲಿಲ್ಲ' ಎಂದು ಅತ್ತರು," ಎಂದ. ಆಮೇಲೆ ಹೇಳಿದ: "ಆದರೆ ಗಾಡಿ ಒಂದಲ್ಲ ಒಂದು ದಿನ ಮತ್ತೆ ಕೆಡುತ್ತದೆ. ಗಾಡಿ ಅಂದ ಮೇಲೆ ಕೆಡುವುದೇ. ಆಗ ಸಾಹೇಬರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ಬಾನೆಟ್ ತೆಗೆಯುತ್ತಾರೆ. ಅವರಿಗೂ ಕಷ್ಟ, ನನಗೂ ಕಷ್ಟ."

ನಾನು 'ಸರಿಯಿದೆ' ಎಂದು ಬರೆದು ಬಂದಿದ್ದರೂ ಅವನು ಆ ಮನೆಯಲ್ಲಿ ಇರುತ್ತಿರಲಿಲ್ಲ. ಮೂರು ದಿನ ತಿಣುಕಿ ದೋಷ ಹುಡುಕಿದ ಮೇಲೂ ಇರಲಿಲ್ಲ. ಹಾಗಾದರೆ ನಾನು ಸರಿಪಡಿಸಿದ್ದೇನು? ಬಹಳ ದಿನ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, ಈ ಪ್ರಕರಣವನ್ನು ಎಲ್ಲ ಶಾಖೆಗಳಿಗೂ ಪಾಠವಾಗಿ ಕಳಿಸಿದರು. ಆ ಪಾಠದಲ್ಲಿ ತಂತಿಯ ಚಿತ್ರವಿತ್ತು, ಬಾಣದ ಗುರುತಿತ್ತು. ಹುಡುಗಿಯರೇ, ನಿಮಗೂ ಅದನ್ನು ತೋರಿಸುತ್ತಾರೆ, ಗಮನವಿಟ್ಟು ನೋಡಿ. ಆ ಪಾಠ ಸರಿಯಾದದ್ದೇ.

ನಾನು ನಿವೃತ್ತಳಾಗಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ರಣಛೋಡಭಾಯ್ ಫೋನ್ ಬಂತು. ಅವನೀಗ ವಸ್ತ್ರಾಪುರದಲ್ಲೇ, ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಒಬ್ಬ ವಕೀಲೆಯ ಕಾರು ಓಡಿಸುತ್ತಿದ್ದ. ಹೊಸ ಎಲೆಕ್ಟ್ರಿಕ್ ಕಾರು. "ಬೆನ್, ದೊಡ್ಡ ಬ್ಯಾಟರಿ ತುಂಬಿದೆ. ನಿನ್ನೆ ನಾನೇ ಚಾರ್ಜಿಗೆ ಹಾಕಿದ್ದೆ. ಆದರೆ ಗಾಡಿ ಏಳುತ್ತಲೇ ಇಲ್ಲ. ಬಾಗಿಲು ತೆಗೆಯಲೂ ರಿಮೋಟಿನೊಳಗಿನ ಕೀಲಿ ಬೇಕಾಯಿತು. ಮೇಡಂ ಇನ್ನೂ ಕೆಳಗೆ ಬಂದಿಲ್ಲ."

ಮೀಟರ್ ಚೀಲಕ್ಕೆ ಹಾಕಿಕೊಂಡು ಹೋದೆ. ಅಂಥ ಕಾರಿನಲ್ಲೂ ದೀಪ, ಬಾಗಿಲು, ಕಂಪ್ಯೂಟರುಗಳಿಗೆಂದು ಹಳೆಯ ರೀತಿಯ ಸಣ್ಣ ಬ್ಯಾಟರಿ ಒಂದಿರುತ್ತದೆ, ಅದು ಸತ್ತರೆ ದೊಡ್ಡದು ತುಂಬಿದ್ದೂ ಪ್ರಯೋಜನವಿಲ್ಲ ಎಂದು ಎಲ್ಲೋ ಕೇಳಿದ್ದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಬಾನೆಟ್ ತೆಗೆದೆವು. ಬೆಲ್ಟ್ ಇಲ್ಲ, ತಿರುಗುವ ಚಕ್ರವಿಲ್ಲ, ಆಲ್ಟರ್ನೇಟರ್ ಇರುವ ಪ್ರಶ್ನೆಯೇ ಇಲ್ಲ. ಜೀವಮಾನವೆಲ್ಲ ಕಣ್ಣು ಮೊದಲು ಹೋಗುತ್ತಿದ್ದ ಜಾಗದಲ್ಲಿ ಕರಿಯ ಪ್ಲಾಸ್ಟಿಕ್ ಮುಚ್ಚಳ.

"ಇದರಲ್ಲಿ ಸಣ್ಣ ಬ್ಯಾಟರಿಯನ್ನು ಯಾರು ತುಂಬುತ್ತಾರೆ, ಬೆನ್?" ಎಂದು ಕೇಳಿದ.

"ದೊಡ್ಡದರಿಂದ ಬರಬೇಕು. ಹೇಗೆ ಬರುತ್ತದೆ ಎಂದು ನೋಡಬೇಕು," ಎಂದೆ.

ಅಷ್ಟರಲ್ಲಿ ವಕೀಲೆ ಲಿಫ್ಟಿನಿಂದ ಹೊರಬಂದಳು. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಕರಿಕೋಟು, ಕೋರ್ಟಿಗೆ ಹೊತ್ತಾಗಿತ್ತು. ರಣಛೋಡಭಾಯ್ ನೆಟ್ಟಗೆ ನಿಂತ. ಅವನ ಕೈ ಅಂಗಿಯ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದುದನ್ನು ನಾನು ಕಂಡೆ.

"ಏನಾಗಿದೆ ಕಾಕಾ?" ಎಂದಳು.

"ಗೊತ್ತಿಲ್ಲ ಬೆನ್. ನಿನ್ನೆ ಸರಿಯಿತ್ತು."

ಅವಳು ಬಾನೆಟ್ಟಿನೊಳಗೆ ಒಮ್ಮೆ ಇಣುಕಿದಳು. "ನನಗಂತೂ ಏನೂ ತಿಳಿಯುವುದಿಲ್ಲ. ನಾನು ರಿಕ್ಷಾದಲ್ಲಿ ಹೋಗುತ್ತೇನೆ, ನೀವು ನಿಧಾನವಾಗಿ ನೋಡಿ. ಬಿಸಿಲಲ್ಲಿ ನಿಲ್ಲಬೇಡಿ, ಮೇಲೆ ಹೇಳಿ ಚಹಾ ತರಿಸಿಕೊಳ್ಳಿ," ಎಂದಳು. ನನಗೆ ನಮಸ್ಕಾರ ಮಾಡಿ, ಗೇಟಿನ ಕಡೆಗೆ ಬೇಗ ಬೇಗ ಹೊರಟಳು.

ಅವಳು ರಿಕ್ಷಾ ಹತ್ತುವವರೆಗೂ ರಣಛೋಡಭಾಯ್ ಅತ್ತಲೇ ನೋಡುತ್ತ ನಿಂತಿದ್ದ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ನನ್ನ ಪಕ್ಕಕ್ಕೆ ಬಂದು, "ಹೇಳಿ ಬೆನ್, ಎಲ್ಲಿಂದ ಶುರು ಮಾಡೋಣ?" ಎಂದ.

ಎಲ್ಲಿಂದ ಎಂದು ನನಗೂ ತಿಳಿದಿರಲಿಲ್ಲ. ಆ ಸಣ್ಣ ಬ್ಯಾಟರಿ ಎಲ್ಲಿದೆ ಎಂದು ಹುಡುಕುವುದರಿಂದ ಶುರು ಮಾಡಿದೆವು.